ಮೂವತ್ತೇಳು ಲಿಂಕು, ಒಬ್ಬ ತಾತ

"ಕುರುಗೋಡಿನ ತಾತ ಯಾವಾಗ ತೀರಿಕೊಂಡ್ರು ಮೇಡಂ?"

ಕಳೆದ ತಿಂಗಳು, ಬಳ್ಳಾರಿಯ ಕೌಲ್ ಬಜಾರಿನ ಒಂದು ಹೊಲಿಗೆ ಅಂಗಡಿಯಲ್ಲಿ ಯುವತಿಯೊಬ್ಬಳು ನನ್ನನ್ನು ಕೇಳಿದ ಪ್ರಶ್ನೆ ಇದು. ಹೊರಗೆ ಮೇ ತಿಂಗಳ ಬಿಸಿಲು. ನಾನು ಆಗಷ್ಟೇ ನೀರಿನ ಬಾಟಲಿಯ ಮುಚ್ಚಳ ತೆಗೆದಿದ್ದೆ. ಕುಡಿಯಲಿಲ್ಲ.

ತಾತ ತೀರಿಕೊಂಡಿರಲಿಲ್ಲ. ಒಂದು ಗಂಟೆಯ ಬಸ್ ದಾರಿಯಾಚೆ, ಕುರುಗೋಡಿನಲ್ಲಿ, ತಮ್ಮ ಅಂಗಡಿಯಲ್ಲಿ ಕೂತು ಬೂಟು ಹೊಲಿಯುತ್ತಿದ್ದರು. ಅವರನ್ನು ಇಲ್ಲವಾಗಿಸಿದ್ದು ನಾನು. ಒಂದು ಶನಿವಾರ ಮಧ್ಯಾಹ್ನ, ಲ್ಯಾಪ್‌ಟಾಪ್ ಮುಂದೆ ಕೂತು, ಚಹಾ ಕುಡಿಯುತ್ತಾ, ಒಂದು ಬಟನ್ ಒತ್ತಿ.

ಹೇಗೆ ಅಂತ ಹೇಳುತ್ತೇನೆ. ಸ್ವಲ್ಪ ಹಿಂದಿನಿಂದ ಹೇಳಬೇಕು.

ಸಣ್ಣಪುಟ್ಟ ಅಂಗಡಿಯವರಿಗೆ ವೆಬ್ ಪುಟ ಮಾಡಿಕೊಡುವುದು ನನ್ನ ಹೊಟ್ಟೆಪಾಡಿನ ಕೆಲಸ ಎಂದು ಈ ಅಂಕಣ ಓದುವವರಿಗೆ ಗೊತ್ತು. (ಗೊತ್ತಿಲ್ಲದವರಿಗೆ: ಅಂಕಣದಿಂದ ಹೊಟ್ಟೆ ತುಂಬುವುದಿಲ್ಲ.) ಹಾಗೆ ನಾನು ಮಾಡಿಕೊಟ್ಟ ಪುಟಗಳಲ್ಲಿ ಈರಮ್ಮನವರದೂ ಒಂದು. ಈರಮ್ಮ ನಮ್ಮೂರ ಜೀನ್ಸ್ ಯೂನಿಟ್ಟುಗಳಲ್ಲಿ ಹದಿನೆಂಟು ವರ್ಷ ಮಿಷನ್ ತುಳಿದವರು. ಈಗ ಸ್ವಂತ ಅಂಗಡಿ. ಆ ಅಂಗಡಿಯಲ್ಲಿ ಹೊಲಿಯುವ ಪ್ಯಾಂಟು ಮಾತ್ರ ಊರಲ್ಲಿ ಬೇರೆ ಕಡೆ ಸಿಗುವಂಥದ್ದಲ್ಲ.

ಈರಮ್ಮನ ತಮ್ಮನಿಗೆ ಚಿಕ್ಕಂದಿನಿಂದ ಕಾಲಿಗೆ ಪೋಲಿಯೊ. ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಾರೆ. ಅವರ ಪ್ಯಾಂಟುಗಳೆಲ್ಲ ಎರಡೇ ತಿಂಗಳಿಗೆ ಮೊಣಕಾಲಿನ ಹತ್ತಿರ ಹರಿಯುತ್ತಿದ್ದವು. ಕಬ್ಬಿಣ ಉಜ್ಜಿ ಉಜ್ಜಿ. ಅಕ್ಕ ಒಮ್ಮೆ ಒಳಗಡೆ ಇನ್ನೊಂದು ಬಟ್ಟೆ ಕೊಟ್ಟು ಹೊಲಿದರು. ಆಮೇಲೆ ಪಕ್ಕದಲ್ಲಿ ಸೊಂಟದಿಂದ ಪಾದದವರೆಗೆ ಜಿಪ್ ಇಟ್ಟರು, ಪಟ್ಟಿ ಬಿಚ್ಚದೆ ಪ್ಯಾಂಟು ಹಾಕಿಕೊಳ್ಳಲಿ ಎಂದು. ತಮ್ಮನ ಗೆಳೆಯರು ಕೇಳಿದರು. ಗೆಳೆಯರ ಗೆಳೆಯರು ಬಂದರು. ಗಾಲಿಕುರ್ಚಿಯಲ್ಲಿ ಕೂರುವವರಿಗೆ ಹಿಂಬದಿ ಎತ್ತರವಾಗಿ, ಹಿಂದೆ ಜೇಬಿಲ್ಲದ ಪ್ಯಾಂಟು. (ಇಡೀ ದಿನ ಜೇಬಿನ ಹೊಲಿಗೆಯ ಮೇಲೆ ಕೂತು ನೋಡಿ, ಗೊತ್ತಾಗುತ್ತದೆ.) ಹೀಗೆ ಬೆಳೆದ ಅಂಗಡಿ ಅದು.

ಪುಟ ಮಾಡುವಾಗ ಈರಮ್ಮ ಪ್ಯಾಂಟಿನ ಬಗ್ಗೆ ಹೇಳಿದ್ದು ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಬೇರೆಯವರ ಬಗ್ಗೆ ಹೇಳಿದರು. ಗಾಲಿಕುರ್ಚಿಯ ಟೈರು ಕಟ್ಟಿಕೊಡುವ ಸೈಕಲ್ ಅಂಗಡಿ. ಬಸ್ ಪಾಸಿನ ಅರ್ಜಿ ಸಿಗುವ ಪುಟ. ಕ್ಯಾಲಿಪರಿನ ಬಕಲು ಹಾಕಿಕೊಡುವ ವೆಲ್ಡರ್. ಮನೆಗೇ ಬಂದು ಕಾಲಿಗೆ ವ್ಯಾಯಾಮ ಹೇಳಿಕೊಡುವ ನರ್ಸಮ್ಮ. ಇಂಥದ್ದೇ ಪ್ಯಾಂಟು ಹೊಲಿಯುವ ಬೇರೆ ಊರಿನ ಇಬ್ಬರು ಟೈಲರುಗಳು ಕೂಡ. ಮತ್ತೆ ಕುರುಗೋಡಿನ ಯಂಕಪ್ಪ ತಾತ. ಎರಡು ಕಾಲಿನ ಉದ್ದದಲ್ಲಿ ವ್ಯತ್ಯಾಸ ಇರುವವರಿಗೆ ಒಂದು ಬೂಟಿನ ಅಡಿ ಎತ್ತರ ಮಾಡಿಕೊಡುವವರು.

"ಇವನ್ನೆಲ್ಲ ಹಾಕ್ರಿ ಮೇಡಂ. ಮಂದಿ ಕೇಳ್ತಾರ," ಅಂದರು.

ಹಾಕಿದೆ. ತಾತನ ಹೆಸರು ಒತ್ತಿದರೆ ನೇರವಾಗಿ ಅವರಿಗೇ ಫೋನ್ ಹೋಗುವ ಹಾಗೆ ಮಾಡಿದೆ. ಪುಟ ಎರಡು ವರ್ಷ ಆರಾಮಾಗಿ ನಡೆಯಿತು.

ಆಮೇಲೆ ನನಗೆ ಬುದ್ಧಿ ಬಂತು. ಅಂದರೆ, ಒಂದು ಆನ್‌ಲೈನ್ ಕ್ಲಾಸಿಗೆ ಸೇರಿದೆ. ಹುಡುಕುವವರಿಗೆ ನಮ್ಮ ಪುಟ ಮೊದಲು ಕಾಣಬೇಕಾದರೆ ಏನು ಮಾಡಬೇಕು ಎಂದು ಮೂರು ದಿನ ಹೇಳಿಕೊಡುವ ಕ್ಲಾಸು. ಎರಡನೇ ದಿನದ ಪಾಠ, ಒಂದು ಪುಟದಲ್ಲಿ ಎಷ್ಟು ಲಿಂಕ್ ಇರಬೇಕು ಎಂಬುದು. ಪಾಠ ಮಾಡಿದ ತರುಣ ಚೆನ್ನಾಗಿಯೇ ಹೇಳಿದ. ಒಂದು ಪುಟಕ್ಕೆ ಇಂತಿಷ್ಟು ಶಕ್ತಿ ಇರುತ್ತದಂತೆ. ಅದರಲ್ಲಿರುವ ಲಿಂಕುಗಳಿಗೆ ಆ ಶಕ್ತಿ ಹಂಚಿಹೋಗುತ್ತದಂತೆ. ಲಿಂಕ್ ಹೆಚ್ಚಾದಷ್ಟೂ ಒಂದೊಂದರ ಪಾಲು ಕಡಿಮೆ. ಅದರಲ್ಲೂ ಹೊರಗಿನವರಿಗೆ ಲಿಂಕ್ ಕೊಟ್ಟರೆ, ಬಂದ ಗಿರಾಕಿಯನ್ನು ನಾವೇ ಎಬ್ಬಿಸಿ ಕಳಿಸಿದ ಹಾಗೆ.

ಸರಿ ಅನಿಸಿತು. ಅನಿಸದೇ ಇರುತ್ತದೆಯೇ? ಸ್ಲೈಡಿನಲ್ಲಿ ಬಾಣದ ಗುರುತು ಹಾಕಿ ತೋರಿಸಿದರೆ ನನಗೆ ಎಲ್ಲವೂ ಸರಿ ಅನಿಸುತ್ತದೆ.

ಆ ಶನಿವಾರ ಈರಮ್ಮನ ಪುಟ ತೆರೆದು ಎಣಿಸಿದೆ. ಮೂವತ್ತೇಳು ಲಿಂಕ್. ನಾಚಿಕೆಯಾಯಿತು. ಐದು ಉಳಿಸಿದೆ, ಐದೂ ಪ್ಯಾಂಟಿನವು. ಉಳಿದ ಮೂವತ್ತೆರಡು ತೆಗೆದೆ. ಎರಡು ಹೊಸ ಫೋಟೊ ಹಾಕಿದೆ. ಈರಮ್ಮನಿಗೆ ಫೋನ್ ಮಾಡಿ, "ಪುಟ ಸ್ವಲ್ಪ ಕ್ಲೀನ್ ಮಾಡೀನ್ರಿ," ಅಂದೆ. ಅವರು ಸಂಕ್ರಾಂತಿಯ ಬಟ್ಟೆ ಹೊಲಿಯುವ ಗಡಿಬಿಡಿಯಲ್ಲಿದ್ದರು. "ಚಲೋ ಆತು ಮೇಡಂ," ಅಂದರು. ಯಾವ ಕ್ಲೀನು, ಎಷ್ಟು ಕ್ಲೀನು, ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ಮೂರು ವಾರಕ್ಕೆ ಪುಟ ಹುಡುಕಾಟದಲ್ಲಿ ಎರಡು ಸ್ಥಾನ ಮೇಲೆ ಬಂತು. ಲಿಂಕ್ ತೆಗೆದದ್ದಕ್ಕೋ, ಫೋಟೊ ಬದಲಿಸಿದ್ದಕ್ಕೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಅವತ್ತು ಲಿಂಕ್ ತೆಗೆದದ್ದಕ್ಕೇ ಎಂದು ಖುಷಿಪಟ್ಟೆ.

ನಾಲ್ಕು ತಿಂಗಳು ಕಳೆದವು. ಅದಾದ ಮೇಲೆ, ನಾನು ಈರಮ್ಮನ ಅಂಗಡಿಯಲ್ಲಿ ಕೂತಿದ್ದ ದಿನ, ಬಂದವಳು ಹುಲಿಗೆಮ್ಮ, ಮೊದಲು ಹೇಳಿದ ಆ ಯುವತಿ.

ಸಿರುಗುಪ್ಪ ಕಡೆಯ ದೇಶನೂರಿನವಳು. ಇಪ್ಪತ್ತಮೂರು ವರ್ಷ. ಬಿ.ಎಡ್. ಮುಗಿಸಿ ಸಿರುಗುಪ್ಪದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಶಾಲೆ ತೆರೆಯಲು ಹತ್ತು ದಿನ ಇತ್ತು. ಅವಳ ಎಡಗಾಲು ಬಲಗಾಲಿಗಿಂತ ಸುಮಾರು ಮೂರು ಬೆರಳಿನಷ್ಟು ಗಿಡ್ಡ. ಎರಡು ವರ್ಷದ ಹಿಂದೆ ಈರಮ್ಮನ ಪುಟದಲ್ಲಿ ಹೆಸರು ನೋಡಿ, ಯಂಕಪ್ಪ ತಾತನ ಹತ್ತಿರ ಬೂಟು ಮಾಡಿಸಿಕೊಂಡಿದ್ದಳು. ಈಗ ಆ ಬೂಟಿನ ಅಡಿ ಬಿರುಕು ಬಿಟ್ಟಿತ್ತು. ಹಳೆಯ ಫೋನ್ ಕೆಟ್ಟು ತಾತನ ನಂಬರೂ ಹೋಗಿತ್ತು. ಅದಕ್ಕೇನಂತೆ, ಪುಟದಲ್ಲಿ ಇರುತ್ತದಲ್ಲ ಎಂದು ತೆರೆದಿದ್ದಾಳೆ. ಇಲ್ಲ.

"ನಮ್ಮೂರಾಗ ಯಾರಾರ ತೀರಿ ಹೋದ್ರ ಮೊದಲು ಅವರ ಅಂಗಡಿ ಗೋಡಿ ಮ್ಯಾಲಿನ ಹೆಸರು ಅಳಸ್ತಾರ್ರಿ," ಅಂದಳು. "ಇಲ್ಲೂ ಹಂಗ ಆಗೇತಿ ಅಂದ್ಕೊಂಡೆ. ಅದಕ್ಕ ಈರಮ್ಮಕ್ಕನ್ನ ಕೇಳಾಕ ಬಂದೆ. ಆ ತಾತನಂಗ ಮಾಡೋರು ಬ್ಯಾರೆ ಯಾರಾರ ಅದಾರೇನು ಅಂತ."

ಬಿರುಕು ಬಿಟ್ಟ ಬೂಟಿಗೆ ದಾರ ಸುತ್ತಿ ಕಟ್ಟಿದ್ದಳು. ದೇಶನೂರಿನಿಂದ ಎರಡು ಬಸ್ ಹತ್ತಿ ಬಂದಿದ್ದಳು.

ಈರಮ್ಮ ಮಿಷನ್ ನಿಲ್ಲಿಸಿ ನನ್ನ ಕಡೆ ನೋಡಿದರು. "ತಾತ ಆರಾಮ್ ಅದಾರ. ಪುಟದಾಗ ಹೆಸರು ಐತಲ್ಲ ಮೇಡಂ?"

ನಾನು ಏನಂದೆ ಗೊತ್ತೇ? "ಅಪ್‌ಡೇಟ್ ಆಗೋವಾಗ ಹೋಗಿರಬೇಕು ನೋಡ್ರಿ."

ಹೋಗಿರಬೇಕು. ಎಂಥ ಅನುಕೂಲದ ಮಾತು. ಗಾಜಿನ ಲೋಟ ಒಡೆಯಿತು ಅನ್ನುತ್ತೇವೆ, ಒಡೆದೆ ಅನ್ನುವುದಿಲ್ಲ. ನನ್ನ ಕೈಯಿಂದಲೇ ಹೋದದ್ದು ತಾನಾಗಿ ಹೋದಂತೆ ಹೇಳಿದೆ. ಇಬ್ಬರೂ ನಂಬಿದರು. ಅದು ಇನ್ನೂ ಕಷ್ಟವಾಯಿತು.

ಈರಮ್ಮ ಅಲ್ಲೇ ತಾತನಿಗೆ ಫೋನ್ ಹಚ್ಚಿದರು. ಒಂದು ರಿಂಗ್ ಪೂರ್ತಿ ಆಗಿರಲಿಲ್ಲ, ಎತ್ತಿಬಿಟ್ಟರು. "ಹಲೋ, ಯಾರ್ರಿ? ಹೇಳ್ರಿ, ಹೇಳ್ರಿ," ಎನ್ನುವ ದನಿ ನನಗೂ ಕೇಳಿಸಿತು.

"ಅಂಗಡಿ ಬಿಟ್ಟು ಬರಾಕ ಆಗವಲ್ದು. ನೀವೇ ಇಕೀನ ಕರ್ಕೊಂಡು ಹೋಗಿಬರ್ರಿ ಮೇಡಂ," ಅಂದರು ಈರಮ್ಮ. ಹುಲಿಗೆಮ್ಮನಿಗೆ ನನ್ನ ಜೊತೆ ಬೇಕಾಗಿರಲಿಲ್ಲ. ದಾರಿ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಹೋದೆ.

ಕುರುಗೋಡಿನ ಬಸ್ಸಿನಲ್ಲಿ ಕಿಟಕಿಯ ಕಂಬಿ ಮುಟ್ಟಿದರೆ ಸುಡುತ್ತಿತ್ತು. ಹುಲಿಗೆಮ್ಮ ದಾರಿಯುದ್ದಕ್ಕೂ ತನ್ನ ಶಾಲೆಯ ಬಗ್ಗೆ ಹೇಳಿದಳು. ಐದನೇ ತರಗತಿಗೆ ಗಣಿತ, ಆರು ಏಳಕ್ಕೆ ವಿಜ್ಞಾನ. ದಿನಕ್ಕೆ ಐದು ಪೀರಿಯಡ್. ಇಂಟರ್‌ವ್ಯೂನಲ್ಲಿ ಯಾರೋ ಕೇಳಿದರಂತೆ, "ಅಷ್ಟೊತ್ತು ನಿಂದರಾಕ ಆಗ್ತತೇನಮ್ಮ?"

"ನೀ ಏನಂದಿ?"

"ಬೂಟು ಚಲೋ ಇದ್ರ ನಿಂದರ್ತೀನಿ ಅಂದೆ." ಹೊರಗಿನ ಖಾಲಿ ಹೊಲಗಳ ಕಡೆ ನೋಡಿದಳು. "ಹಂಗ ಹೇಳಿ ಬಂದ ಮರುದಿನಾನ ಬೂಟು ಬಿರುಕು ಬಿಡ್ತ್ರಿ."

ನಾನು ಅವಳ ಬೂಟಿಗೆ ಸುತ್ತಿದ್ದ ದಾರ ನೋಡಿದೆ.

ತಾತನ ಅಂಗಡಿ ಅಂದರೆ ಒಂದು ತಗಡಿನ ಶೆಡ್ಡು. ಎಪ್ಪತ್ತು ದಾಟಿದವರು. ಶುಭ್ರ ಬಿಳಿ ಅಂಗಿ, ಅದರ ಜೇಬಿನಲ್ಲಿ ಫೋನು. ಹುಲಿಗೆಮ್ಮನನ್ನು ಕಂಡು ಎದ್ದು ನಿಂತರು.

"ಏನ್ ಪಾಪಾ, ನಾನು ಸತ್ತೀನಿ ಅಂದ್ಕೊಂಡಿದ್ಯಂತ?"

"ಹೌದ್ರಿ ತಾತ," ಅಂದಳು ಅವಳು, ನೇರವಾಗಿ. "ಬಸ್ಸಿನ್ಯಾಗ ಒಂದಿಷ್ಟು ಅತ್ತೆ ಕೂಡ." ನನಗಾಗ ಗೊತ್ತಾಯಿತು, ದೇಶನೂರಿನಿಂದ ಬಳ್ಳಾರಿಗೆ ಬರುವಾಗ ಅವಳು ಹೇಗೆ ಬಂದಿದ್ದಳು ಎಂದು.

ತಾತ ನಕ್ಕರು. ಅವಳ ಬೂಟು ಬಿಚ್ಚಿಸಿ ಗೋಡೆಯ ಹತ್ತಿರ ನಿಲ್ಲಿಸಿದರು. ಎಡಗಾಲಿನ ಕೆಳಗೆ ತೆಳ್ಳನೆಯ ಪ್ಲೈವುಡ್ ತುಂಡು ಒಂದಿಟ್ಟರು. ಅದರ ಮೇಲೆ ಇನ್ನೊಂದು. ಇನ್ನೊಂದು. ಒಂದೊಂದಕ್ಕೂ ಹಿಂದೆ ಸರಿದು, ಸೊಂಟದ ಎರಡೂ ಕಡೆ ಸಮ ಇದೆಯೇ ಎಂದು ನೋಡುವುದು.

"ಈಗ?"

ಹುಲಿಗೆಮ್ಮ ಕಣ್ಣು ಮುಚ್ಚಿದಳು. "ಇನ್ನೊಂದು ಚೂರು."

"ಈಗ?"

"ಹಾಂ. ಈಗ ಸರಿ ಆತ್ರಿ."

ಹಳೆಯ ಅಳತೆಗಿಂತ ಒಂದು ತುಂಡು ಹೆಚ್ಚಾಗಿತ್ತು. ತಾತ ಪೆನ್ಸಿಲಿನಿಂದ ಪೇಪರಿನ ಮೇಲೆ ಪಾದದ ಗುರುತು ತೆಗೆಯುತ್ತಾ ತಮ್ಮಷ್ಟಕ್ಕೇ ಮಾತಾಡಿದರು. "ಮೊದಲು ವಾರಕ್ಕ ಇಬ್ರು ಮೂವರು ಫೋನ್ ಮಾಡ್ತಿದ್ರು. ರಾಯಚೂರು ಕಡೆಯಿಂದ, ಆದೋನಿ ಕಡೆಯಿಂದ. ಒಮ್ಮೆಗೇ ನಿಂತ್ಬಿಡ್ತು. ಫೋನ್ ಕೆಟ್ಟೈತಿ ಅಂತ ಎರಡು ಸಲ ರಿಪೇರಿಗಿ ಒಯ್ದೆ. ಅವ ಫೋನ್ ಚಲೋ ಐತಿ ತಾತ ಅಂದ. ನನಗ ನಂಬಿಕಿ ಬರಲಿಲ್ಲ. ಬಾಜೂ ಚಹಾದಂಗಡಿ ಫೋನಿಂದ ನನಗ ನಾನ ಫೋನ್ ಮಾಡಿ ನೋಡ್ಕೊಂಡೆ."

"ಗಂಟಿ ಬಡೀತೇನ್ರಿ?" ಹುಲಿಗೆಮ್ಮ ಕೇಳಿದಳು.

"ಬಡೀತು."

ಪೆನ್ಸಿಲ್ ಹಿಮ್ಮಡಿಯ ಸುತ್ತ ತಿರುಗಿಸಿದರು.

ನಾನು ಇನ್ನು ತಡೆಯಲಾರದೆ ಹೇಳಿದೆ. "ತಾತ, ಅದು ತಾನಾಗಿ ಹೋಗಿಲ್ರಿ. ನಿಮ್ಮ ಹೆಸರು ನಾನ ತೆಗದೀನಿ. ಈರಮ್ಮಗ ಗೊತ್ತಿಲ್ಲ."

ತಾತ ತಲೆ ಎತ್ತಿದರು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬ ಮುಖ. "ಯಾಕ್ರಿ ಅಮ್ಮಾ? ನನ್ನ ಬೂಟು ಯಾರಿಗಾರ ಕಚ್ಚಿತಂತೇನು?"

ನಾಲ್ಕು ತಿಂಗಳಿಂದ ಆ ಮನುಷ್ಯ ಇದನ್ನೇ ಯೋಚಿಸುತ್ತಿದ್ದರು. ತಾನು ಹೊಲಿದ ಯಾವ ಬೂಟಿನಲ್ಲಿ ತಪ್ಪಾಗಿದೆ ಎಂದು.

ಇಲ್ಲ ಅಂದೆ. ಕ್ಲಾಸಿನ ಪಾಠವನ್ನೆಲ್ಲ ಹೇಳಿದೆ. ಪುಟದ ಶಕ್ತಿ, ಹಂಚಿಹೋಗುವುದು, ಲಿಂಕ್ ಕಡಿಮೆ ಇದ್ದರೆ ಪುಟ ಮೇಲೆ ಬರುವುದು. ತಗಡಿನ ಕೆಳಗೆ ಆ ಸೆಕೆಯಲ್ಲಿ, ಅವರ ಮುಖ ನೋಡಿಕೊಂಡು ಹೇಳುವಾಗ, ಸ್ಲೈಡಿನಲ್ಲಿ ಅಷ್ಟು ಸರಿಯಾಗಿ ಕಂಡದ್ದು ನನ್ನ ಬಾಯಲ್ಲಿ ತಡವರಿಸಿತು.

ತಾತ ಪೂರ್ತಿ ಕೇಳಿದರು.

"ಹಂಗಾದ್ರ ನನ್ನ ಹೆಸರು ಇದ್ರ ಈರವ್ವನ ಅಂಗಡಿಗಿ ಲುಕ್ಸಾನು ಆಗ್ತತೇನ್ರಿ?"

ಕೇಳಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಆಗಂಗಿದ್ರ ಬ್ಯಾಡ ಬಿಡ್ರಿ," ಅಂದರು. "ಆಕಿ ಒಬ್ಬಾಕಿ ದುಡಿಯಾಕಿ. ನನಗೇನು, ನಡೀತತಿ."

ಬೈದಿದ್ದರೆ ಒಳ್ಳೆಯದಿತ್ತು. ಬೈಗುಳವನ್ನು ಹೇಗಾದರೂ ತಾಳಿಕೊಳ್ಳಬಹುದು. ಇದನ್ನು ಏನು ಮಾಡುವುದು?

ಹುಲಿಗೆಮ್ಮ ಬೂಟಿನ ದಾರ ಬಿಗಿಯುತ್ತಾ ನನ್ನ ಕಡೆ ತಿರುಗಿದಳು. "ಮೇಡಂ, ನಿಮ್ಮ ಪುಟ ಮ್ಯಾಲ ಇತ್ರಿ. ಹುಡುಕಿದ ಕೂಡ್ಲೆ ಸಿಕ್ತು. ಆದ್ರ ನಾನು ಹುಡುಕಿದ್ದು ಅದರಾಗ ಇದ್ದಿಲ್ಲ."

ಟೀಚರ್ ಆಗಲು ಹತ್ತು ದಿನ ಬಾಕಿ ಇತ್ತು. ನನಗೆ ಆಗಲೇ ಪಾಠ ಶುರು ಮಾಡಿದ್ದಳು.

ಅವಳನ್ನು ಸಿರುಗುಪ್ಪದ ಕಡೆಯ ಬಸ್ಸಿಗೆ ಹತ್ತಿಸಿ, ನಾನು ಬಳ್ಳಾರಿಗೆ ಬಂದು ನೇರ ಈರಮ್ಮನ ಅಂಗಡಿಗೆ ಹೋದೆ. ಸಂಜೆ ಐದು ಗಂಟೆ. ಎಲ್ಲವನ್ನೂ ಹೇಳಿದೆ. ಹೋಗಿರಬೇಕು ಅಂದದ್ದು ಸುಳ್ಳು ಎಂಬುದನ್ನೂ ಹೇಳಿದೆ.

ಈರಮ್ಮ ಮಿಷನ್ನಿನಿಂದ ಕಾಲು ತೆಗೆದರು. ಆಮೇಲೆ ಮೇಜಿನ ಮೇಲಿದ್ದ ಅರ್ಧ ಹೊಲಿದ ಪ್ಯಾಂಟೊಂದನ್ನು ನನ್ನ ಮುಂದೆ ಹಿಡಿದರು. ಅದರ ಎರಡೂ ಕಾಲಿನ ಅಂಚು ಮಡಚದೆ ಹಾಗೇ ಬಿಟ್ಟಿತ್ತು.

"ಇದ್ಯಾಕ ಹಿಂಗ ಬಿಟ್ಟೀನಿ ಗೊತ್ತೇನ್ರಿ? ಬೂಟು ಆಗಿ ಬಂದಿಲ್ಲ ಅದಕ್ಕ. ಬೂಟು ಹಾಕ್ಕೊಂಡು ನಿಂತ ಮ್ಯಾಲ ಪ್ಯಾಂಟಿನ ಉದ್ದ ತಗೋಬೇಕು. ಮೊದಲು ತಾತ, ಆಮ್ಯಾಲ ನಾನು. ತಾತನ್ನ ತೆಗದ್ರ ನನ್ನ ಅಳತಿ ಎಲ್ಲೈತ್ರಿ?"

ನಾನು ಆ ಪುಟ ಮಾಡಿ ಎರಡು ವರ್ಷ ದಾಟಿತ್ತು. ಈ ಮಾತು ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲೂ ಇಲ್ಲ.

"ಸಿಟ್ಟಾದ್ರೇನ್ರಿ?" ಅಂದೆ.

"ಆಗೀನಿ," ಅಂದರು ಈರಮ್ಮ. "ಲ್ಯಾಪ್‌ಟಾಪ್ ತಗೀರಿ."

ಇನ್ನೊಂದು ನಾಚಿಕೆಗೇಡಿನ ಸಂಗತಿ ಹೇಳಬೇಕು. ತೆಗೆದದ್ದರ ನಕಲನ್ನು ನಾನು ಇಟ್ಟುಕೊಂಡಿರಲಿಲ್ಲ. ಮೂವತ್ತೆರಡು ಹೆಸರನ್ನೂ ಈರಮ್ಮ ನೆನಪಿನಿಂದ ಹೇಳಿದರು. ಯೂನಿಫಾರಂ ಚಡ್ಡಿಗೆ ಗುಂಡಿಯ ಕಾಜಾ ಮಾಡುತ್ತಾ, ಒಂದೊಂದೇ. ಸೈಕಲ್ ಅಂಗಡಿಯವರ ಮಗಳ ಮದುವೆ ಆಯಿತು ಎಂದೂ, ನರ್ಸಮ್ಮ ಮಂಗಳವಾರ ಸಿಗುವುದಿಲ್ಲ ಎಂದೂ ಸೇರಿಸಿಕೊಂಡು. ಬೇರೆ ಊರಿನ ಟೈಲರುಗಳ ಹೆಸರು ಬಂದಾಗ ನಾನು ತಡೆದು ಕೇಳಿದೆ, "ಇವರನ್ನೂ ಹಾಕಬೇಕೇನ್ರಿ? ಇವರು ನಿಮ್ಮದೇ ಕೆಲಸ ಮಾಡೋರು."

"ಅವರಾಗ ಒಬ್ಬಾಕಿ ಹೆಣ್ಮಕ್ಕಳ ಪ್ಯಾಂಟು ನನಗಿಂತ ಚಲೋ ಹೊಲೀತಾಳ್ರಿ," ಅಂದರು. ಅಷ್ಟಕ್ಕೇ ಆ ಚರ್ಚೆ ಮುಗಿಯಿತು.

ಮರುದಿನ ಎಲ್ಲರಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ನಂಬರ್ ಸರಿಯಿದೆಯೇ ಎಂದು ನೋಡುವುದಕ್ಕೆ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ತಮ್ಮ ಹೆಸರು ಹೋದದ್ದೇ ಗೊತ್ತಿರಲಿಲ್ಲ. ವೆಲ್ಡರ್ ಊರು ಬಿಟ್ಟಿದ್ದರು, ಅವರ ಬದಲು ಇನ್ನೊಬ್ಬರ ಹೆಸರು ಸಿಕ್ಕಿತು. ನರ್ಸಮ್ಮ ಮಾತ್ರ "ನನಗ ವಯಸ್ಸಾತು, ಅದಕ್ಕ ಮಂದಿ ಕರೆಯಂಗಿಲ್ಲ ಅಂದ್ಕೊಂಡಿದ್ದೆ," ಅಂದರು. ಅವರ ವಯಸ್ಸು ಕೇಳಿದೆ. ನನಗಿಂತ ಮೂರು ವರ್ಷ ಚಿಕ್ಕವರು.

ಒಂದು ಪುಟದಲ್ಲಿ ಎಷ್ಟು ಲಿಂಕ್ ಇರಬೇಕು? ನೂರು ದಾಟಬಾರದು ಎಂದು ಒಂದು ಕಾಲದಲ್ಲಿ ಹೇಳುತ್ತಿದ್ದರು. ಈಗ ಹಾಗೇನೂ ಲೆಕ್ಕವಿಲ್ಲ, ಓದುವವರಿಗೆ ಉಪಯೋಗವಿದ್ದರೆ ಸಾಕು ಎನ್ನುತ್ತಾರೆ. ಐದೇ ಸಾಕು ಎನ್ನುವವರೂ ಇದ್ದಾರೆ. ನನ್ನ ಕ್ಲಾಸಿನ ತರುಣನದೂ ತಪ್ಪಿಲ್ಲ. ಕಂಡಕಂಡದ್ದಕ್ಕೆಲ್ಲ ಲಿಂಕ್ ತುರುಕಿದ ಪುಟಗಳನ್ನು ನಾನೂ ನೋಡಿದ್ದೇನೆ, ಓದಲು ಹೋದರೆ ತಲೆ ತಿರುಗುತ್ತದೆ. ನನ್ನ ತಪ್ಪು ಇಷ್ಟೇ. ಎಷ್ಟು ಎಂದು ಎಣಿಸಿದೆ, ಯಾರು ಎಂದು ಓದಲಿಲ್ಲ.

ಈಗ ಈರಮ್ಮನ ಪುಟದಲ್ಲಿ, ಆ ಫೋನುಗಳಲ್ಲಿ ಸಿಕ್ಕ ನಾಲ್ಕು ಹೊಸ ಹೆಸರೂ ಸೇರಿ, ನಲವತ್ತೊಂದು ಲಿಂಕ್ ಇವೆ. ಪುಟ ಹುಡುಕಾಟದಲ್ಲಿ ಒಂದು ಸ್ಥಾನ ಕೆಳಗೆ ಇಳಿಯಿತು. ಆಮೇಲೆ ಅಲ್ಲೇ ಇದೆ. ಈರಮ್ಮನಿಗೆ ಹೇಳಿದೆ. "ಇರ್ಲಿ ಬಿಡ್ರಿ, ಹುಡುಕೋರು ಒಂದ್ ಗೆರಿ ಕೆಳಗ ನೋಡ್ತಾರ," ಅಂದರು.

ಬೂಟು ಎಂಟು ದಿನಕ್ಕೆ ಆಯಿತು. ತಾತ ತಾವೇ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದರಂತೆ. ಹುಲಿಗೆಮ್ಮ ಬರುತ್ತೇನೆ ಅಂದರೂ ಕೇಳಲಿಲ್ಲವಂತೆ. ಅವಳ ಶಾಲೆ ತೆರೆದ ದಿನ ಸಂಜೆ ನನಗೆ ಫೋನ್ ಬಂತು.

"ನಾಲ್ಕು ಪೀರಿಯಡ್ ನಿಂತೆ ಮೇಡಂ."

"ಐದನೇದು?"

"ಕುರ್ಚಿ ತರಿಸಿಕೊಂಡೆ. ಕುಂತು ಕಲಿಸಿದ್ರ ಏನು, ಭಾಗಾಕಾರ ತಪ್ಪಾಗ್ತತೇನ್ರಿ?"

ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಯಾರನ್ನೋ ಗದರಿಸಲು ಫೋನ್ ಇಟ್ಟಳು.

ತಾತನ ಫೋನು ಮತ್ತೆ ಬಡಿಯುತ್ತಿದೆ. ಈರಮ್ಮನ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆಯಾಗಿಲ್ಲ. ಅಲ್ಲಾ, ಇನ್ನೊಬ್ಬರ ಅಂಗಡಿಗೆ ದಾರಿ ಹೇಳಿಕೊಟ್ಟು ತನ್ನ ಅಂಗಡಿ ಮುಚ್ಚಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?